ನೋವಿನ ಗುಳಿಗೆಗೆ ಕಂದಾಯ ಜಿಲ್ಲೆಯ ಬೇಲಿ ಯಾಕೆ?

ಅತ್ತೆಯ ಅಡಕೆ ಡಬ್ಬಿಯಲ್ಲಿ ಒಂಬತ್ತು ಗುಳಿಗೆ ಉಳಿದಿದ್ದವು. ಹಿತ್ತಾಳೆಯ ಹಳೇ ಡಬ್ಬಿ, ಮುಚ್ಚಳದ ಒಳಗೆ ಸುಣ್ಣದ ಕಲೆ ಇನ್ನೂ ಹೋಗಿರಲಿಲ್ಲ. ಮಾರ್ಫಿನ್ ಗುಳಿಗೆಯ ಪಟ್ಟಿಗಳನ್ನು ಆಕೆ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ, ಡಬ್ಬಿಯಲ್ಲಿ ಹಾಕಿ, ದೇವರ ಜಗಲಿಯ ಹಿಂದೆ ಇಡುತ್ತಿದ್ದಳು. ನಾಲ್ಕು ತಾಸಿಗೊಂದು ಗುಳಿಗೆ. ಗೋಡೆಗೆ ತೂಗಿದ ‘ಕಾಲನಿರ್ಣಯ’ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಕೊಟ್ಟಾಗೊಮ್ಮೆ ಒಂದು ಗೀಟು ಎಳೆಯುವುದು ಆಕೆಯ ಲೆಕ್ಕ. ದಿನಕ್ಕೆ ಆರು ಗೀಟು. ಒಂಬತ್ತು ಗುಳಿಗೆ ಅಂದರೆ ಒಂದೂವರೆ ದಿನ.

ಮಲಗಿದವರು ನನ್ನ ಸೋದರಮಾವ. ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ಅಂಚಿನ ಊರು. ಹೊಲದ ಬದುವಿನ ಮೇಲೆ ನಿಂತರೆ ಕರ್ನಾಟಕದ ಊರಿನ ಗುಡಿಯ ಶಿಖರ ಕಾಣುತ್ತದೆ. ದವಡೆಯ ಕ್ಯಾನ್ಸರ್. ನಲವತ್ತು ವರ್ಷ ತಂಬಾಕು ತಿಂದ ಬಾಯಿ. ವಿಕಿರಣದ ಚಿಕಿತ್ಸೆ ಮುಗಿದಿತ್ತು, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ದೂರದ ಊರಿನ ಆಸ್ಪತ್ರೆಯವರು ಹೇಳಿಯೂ ಆಗಿತ್ತು. ಮಾಡುವುದು ಒಂದು ಮಾತ್ರ ಉಳಿದಿತ್ತು: ನೋವು ತಡೆಯುವುದು. ಅದಕ್ಕೆ ಆ ಡಾಕ್ಟರು ಕೊಟ್ಟದ್ದು 10 ಮಿಲಿಗ್ರಾಂ ಮಾರ್ಫಿನ್. ಗುಳಿಗೆ ನುಂಗಿದ ಮೂರನೇ ದಿನ ಮಾವ ಎದ್ದು ಕೂತು, ತೆಳ್ಳಗಿನ ಅಂಬಲಿ ಕುಡಿದು, ‘ಅಳಿಯಾ, ರಾತ್ರಿ ನಿದ್ದಿ ಹತ್ತಿತ್ತು ನೋಡು’ ಎಂದಿದ್ದರು. ಎರಡು ತಿಂಗಳಾದ ಮೇಲೆ ಅವರ ಬಾಯಿಂದ ಬಂದ ಪೂರ್ಣ ವಾಕ್ಯ ಅದು.

ಹೋದ ಶ್ರಾವಣದಲ್ಲಿ ಮಳೆ ಹತ್ತಿ ರಸ್ತೆ ಕೆಟ್ಟಿತ್ತು. ಗುಳಿಗೆ ತರಲು ಮಾವನ ಮಗ ದೂರದ ಆಸ್ಪತ್ರೆಗೆ ಹೋದರೆ ಹೋಗಿ ಬರುವುದು ಒಂದು ದಿನ ಒಂದು ರಾತ್ರಿ. ಅದರ ಬದಲು ಹತ್ತಿರದ ಪೇಟೆಯ ಮೆಡಿಕಲ್‌ಗಳಲ್ಲಿ ಕೇಳಿದ. ಒಬ್ಬರು ಚೀಟಿ ನೋಡಿ ಕೈ ಮುಗಿದರು; ಇನ್ನೊಬ್ಬರು ಆ ಹೆಸರನ್ನು ಗಟ್ಟಿಯಾಗಿ ಹೇಳಬೇಡ ಎಂದರು. ಗಡಿಯ ಈಚೆ, ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಮಾರ್ಫಿನ್ ಇತ್ತು. ಆದರೆ ರೋಗಿ ತಮ್ಮಲ್ಲಿ ನೋಂದಣಿ ಮಾಡಿಸಿದವನಲ್ಲ, ಖುದ್ದಾಗಿ ಕರೆತಂದರೆ ಡಾಕ್ಟರು ನೋಡಿ ಬರೆದು ಕೊಡುತ್ತಾರೆ, ಬೇರೆ ರಾಜ್ಯದ ಚೀಟಿಗೆ ಕೊಡಲು ಬರುವುದಿಲ್ಲ ಎಂಬ ಉತ್ತರ. ಖುದ್ದಾಗಿ ಬರಬೇಕಾದವರು ಹೊರಸಿನ ಮೇಲೆ ಮಗ್ಗುಲು ಬದಲಿಸಲಾರದೆ ಮಲಗಿದ್ದರು. ಕೊನೆಗೆ ಆತ ದೂರದ ದಾರಿಯನ್ನೇ ಹಿಡಿದ. ಡಬ್ಬಿ ಖಾಲಿಯಾದ ಮೇಲೆ ಹನ್ನೊಂದು ತಾಸು ಮಾವ ಏನನ್ನು ಅನುಭವಿಸಿದರು ಎಂಬುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಆ ರಾತ್ರಿ ಅವರು ಹಲ್ಲು ಕಚ್ಚಿ ಹಿಡಿದ ಸೀರೆಯ ಸೆರಗನ್ನು ಅತ್ತೆ ಇನ್ನೂ ಒಗೆದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಗಾಂಜಾ ಗಿಡದಿಂದ ಮಾಡಿದ ಔಷಧಗಳನ್ನು ರೋಗಿಯ ಮನೆಗೆ ತಲುಪಿಸುವ ನಿಯಮಗಳ ಬಗ್ಗೆ ಹೊರದೇಶಗಳಲ್ಲಿ ದೊಡ್ಡ ಚರ್ಚೆ ನಡೆದಿದೆ. ನಮ್ಮಲ್ಲಿಯೂ ಶುರುವಾಗಿದೆ. ನಡೆಯಲಿ. ಆದರೆ ನಮ್ಮ ಗಡಿಯಲ್ಲಿ ನಿಂತು ನೋಡಿದರೆ ಪ್ರಶ್ನೆ ಅದಕ್ಕಿಂತ ಹಿಂದಿನದು. ಎದ್ದು ಹೋಗಲಾರದ ರೋಗಿಗೆ, ಡಾಕ್ಟರು ಬರೆದು ಕೊಟ್ಟ, ಸರ್ಕಾರವೇ ಅತ್ಯಗತ್ಯ ಎಂದು ಕರೆದ ಔಷಧವನ್ನು ಮನೆಗೆ ತಲುಪಿಸುವ ದಾರಿಯನ್ನು ನಮ್ಮ ನಿಯಮಗಳು ಬಿಟ್ಟಿವೆಯೇ?

ನಿಯಮ ಏನು ಹೇಳುತ್ತದೆ, ನೋಡೋಣ. ಕೋವಿಡ್ ಬಂದು ದೇಶಕ್ಕೆ ಬೀಗ ಬಿದ್ದಾಗ, 2020ರ ಮಾರ್ಚ್ 26ರಂದು ಕೇಂದ್ರ ಆರೋಗ್ಯ ಇಲಾಖೆ ಒಂದು ಅಧಿಸೂಚನೆ ಹೊರಡಿಸಿತು. ಪರವಾನಗಿ ಇರುವ ಮೆಡಿಕಲ್‌ನವರು ಡಾಕ್ಟರ ಚೀಟಿ ನೋಡಿ ಔಷಧವನ್ನು ಮನೆ ಬಾಗಿಲಿಗೆ ಮುಟ್ಟಿಸಬಹುದು. ಚೀಟಿಯನ್ನು ಇಮೇಲಿನಲ್ಲಿ ಕಳಿಸಿದರೂ ಸರಿ. ದೀರ್ಘ ಕಾಲದ ಕಾಯಿಲೆಯಾದರೆ ಚೀಟಿ ಬರೆದ 30 ದಿನದೊಳಗೆ, ಹಠಾತ್ ಕಾಯಿಲೆಯಾದರೆ 7 ದಿನದೊಳಗೆ ತೋರಿಸಬೇಕು. ಇಲ್ಲಿಯವರೆಗೆ ಒಳ್ಳೆಯದೇ. ಮುಂದಿನ ಎರಡು ಷರತ್ತುಗಳೇ ನಮ್ಮ ಕಡೆಯವರ ಕುತ್ತಿಗೆಗೆ ಬಂದಿರುವುದು. ಒಂದು, ಮಾದಕ ಮತ್ತು ಮನೋಪ್ರಭಾವಿ ಪದಾರ್ಥಗಳಿಗೆ ಈ ಸೌಲಭ್ಯ ಇಲ್ಲ. ಇನ್ನೊಂದು, ಅಂಗಡಿ ಯಾವ ಕಂದಾಯ ಜಿಲ್ಲೆಯಲ್ಲಿದೆಯೋ ರೋಗಿಯೂ ಅದೇ ಕಂದಾಯ ಜಿಲ್ಲೆಯಲ್ಲಿರಬೇಕು.

ಕಂದಾಯ ಜಿಲ್ಲೆ! ಹೊಲದ ಪಹಣಿಗೆ ಸರಿ, ಭೂಮಿ ತೆರಿಗೆಗೆ ಸರಿ. ರೋಗಿಯ ನೋವಿಗೂ ಇದೇ ಬೇಲಿಯೇ? ಉದಗೀರದಿಂದ ರೈಲು ಹತ್ತಿದರೆ ಕಮಲನಗರ, ಭಾಲ್ಕಿ, ಬೀದರ ಒಂದೇ ಸಾಲಿನ ನಿಲ್ದಾಣಗಳು. ನಿಲಂಗಾ ತಾಲ್ಲೂಕಿನ ಔರಾದ ಶಹಾಜಾನಿ, ಕಾಸಾರ ಸಿರಸಿ ಕಡೆಯವರಿಗೆ ಭಾಲ್ಕಿ, ಬಸವಕಲ್ಯಾಣದ ಸಂತೆ ಪರವೂರಿನ ಸಂತೆಯಲ್ಲ. ಉಮರ್ಗಾದ ತೆಂಕಣ ಹಳ್ಳಿಗಳಿಗೆ ಆಳಂದ ಹತ್ತಿರ. ಹೆಣ್ಣು ಕೊಟ್ಟು ತಂದದ್ದು ಈ ಊರುಗಳ ನಡುವೆ, ಎತ್ತು ಮಾರಿದ್ದು ಕೊಂಡದ್ದು ಈ ಊರುಗಳ ನಡುವೆ, ಕನ್ನಡ ಮರಾಠಿ ಎರಡೂ ಒಂದೇ ಮನೆಯಲ್ಲಿ ಆಡಿಕೊಂಡು ಬಂದದ್ದೂ ಇಲ್ಲೇ.

ಇದೇ ಬೇಲಿ ಎಪ್ಪತ್ತು ವರ್ಷದ ಹಿಂದೆ ಇರಲಿಲ್ಲ ಎಂಬುದನ್ನೂ ನೆನಪಿಸಬೇಕು. ಹೈದರಾಬಾದ್ ರಾಜ್ಯದಲ್ಲಿ ಉದಗೀರ, ನಿಲಂಗಾ, ಅಹ್ಮದಪುರ ಮೂರೂ ಬೀದರ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಮೂರನ್ನು ಬೀದರದಿಂದ ತೆಗೆದು ಮುಂಬಯಿ ರಾಜ್ಯಕ್ಕೆ ಸೇರಿಸಿದರು. ಅವು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗೆ ಹೋದವು, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದಕ್ಕೆ ಸೇರಿದವು. ನಮ್ಮ ಅಜ್ಜಂದಿರ ಕಾಲಕ್ಕೆ ಈ ಅಧಿಸೂಚನೆ ಬಂದಿದ್ದರೆ ಭಾಲ್ಕಿಯ ಅಂಗಡಿಯಾತ ಉದಗೀರದ ರೋಗಿಯ ಮನೆಗೆ ಔಷಧ ಕಳಿಸುವುದಕ್ಕೆ ಜಿಲ್ಲೆಯ ಗಡಿ ಅಡ್ಡ ಬರುತ್ತಿರಲಿಲ್ಲ. ಆಡಳಿತದ ಅನುಕೂಲಕ್ಕೆ ಎಳೆದ ಗೆರೆ ರಾಜ್ಯಗಳ ಜಗಳದಲ್ಲಿ ಏನಾದರೂ ಆಗಲಿ, ಆ ಜಗಳ ಇಲ್ಲಿ ಎತ್ತುವುದಿಲ್ಲ. ಹೊರಸಿನ ಮೇಲೆ ಮಲಗಿದ ಮನುಷ್ಯನ ಔಷಧಕ್ಕೆ ಆ ಗೆರೆ ಅಡ್ಡ ಬರಬಾರದು ಎಂಬುದಷ್ಟೇ ನಮ್ಮ ಮಾತು.

ಇನ್ನೊಂದು ಬಾಗಿಲೂ ಮುಚ್ಚಿದೆ. ಆ ಅಧಿಸೂಚನೆಯ ಹಿಂದಿನ ದಿನ, ಅಂದರೆ 2020ರ ಮಾರ್ಚ್ 25ರಂದು, ದೂರವೈದ್ಯಕೀಯದ ಮಾರ್ಗಸೂಚಿ ಬಂತು. ದೇಶದ ಯಾವ ಮೂಲೆಯ ಡಾಕ್ಟರೂ ಯಾವ ಮೂಲೆಯ ರೋಗಿಯನ್ನೂ ಫೋನಿನಲ್ಲಿ, ವಿಡಿಯೋದಲ್ಲಿ ನೋಡಿ ಔಷಧ ಬರೆಯಬಹುದು ಎಂದು ಅದು ಹೇಳಿತು. ಗಡಿಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಆದರೆ ಅದರಲ್ಲಿ ನಿಷೇಧದ ಪಟ್ಟಿ ಒಂದಿದೆ: ಮಾದಕ ವಸ್ತುಗಳ ಕಾಯ್ದೆಯಡಿ ಬರುವ ಯಾವುದನ್ನೂ ಹಾಗೆ ಬರೆಯುವಂತಿಲ್ಲ. ಮೊದಲ ಸಲ ಬರೆಯುವುದಿರಲಿ, ಡಾಕ್ಟರು ಕಣ್ಣಾರೆ ನೋಡಿ, ಪ್ರಮಾಣ ಕಟ್ಟಿ, ತಿಂಗಳಿಂದ ಕೊಡುತ್ತಾ ಬಂದ ಔಷಧವನ್ನು ಮುಂದುವರಿಸುವುದಕ್ಕೂ ಆ ಪಟ್ಟಿಯಲ್ಲಿ ಬೇರೆ ದಾರಿ ಕಾಣಿಸಿಲ್ಲ. ಎರಡೂ ನಿಯಮ ಕೂಡಿಸಿ ಓದಿ. ರಕ್ತದೊತ್ತಡದ ಗುಳಿಗೆ ಬೇಕಾದವನು, ಎದ್ದು ಓಡಾಡುವವನು, ಮನೆಯಲ್ಲೇ ಕೂತು ಚೀಟಿಯನ್ನೂ ಪಡೆಯಬಹುದು, ಗುಳಿಗೆಯನ್ನೂ ತರಿಸಬಹುದು. ಕಡೆಯ ಹಂತದ ಕ್ಯಾನ್ಸರಿನವನು, ಮಗ್ಗುಲಾಗಲು ಇಬ್ಬರ ಕೈ ಬೇಕಾದವನು, ಎರಡನ್ನೂ ಪಡೆಯುವಂತಿಲ್ಲ. ಮನೆಗೆ ತಲುಪಿಸುವ ವ್ಯವಸ್ಥೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಹೊರಗಿಟ್ಟು ಬರೆದ ನಿಯಮ ಇದು.

ಈಗ ಗಾಂಜಾ ಔಷಧದ ಮಾತಿಗೆ ಬರುತ್ತೇನೆ.

ಮಾವನ ನೋವು ನೋಡಲಾರದೆ ಪುಣೆಯಲ್ಲಿರುವ ನಮ್ಮ ಸಂಬಂಧಿಕ ಹುಡುಗನೊಬ್ಬ ಮೊಬೈಲಿನಲ್ಲಿ ಹುಡುಕಿ ಒಂದು ಎಣ್ಣೆ ತರಿಸಿದ. ಆಯುರ್ವೇದದಲ್ಲಿ ‘ವಿಜಯಾ’ ಎನ್ನುವ, ನಮ್ಮ ಕಡೆ ಭಂಗಿ ಎನ್ನುವ ಗಿಡದ ಎಲೆಯ ಸಾರ. ಬೆರಳುದ್ದದ ಬಾಟಲಿ, ಬೆಲೆ ಸಾವಿರಗಳಲ್ಲಿ. ನಾಲ್ಕನೇ ದಿನಕ್ಕೆ ಕೊರಿಯರಿನ ಹುಡುಗ ಊರ ಅಗಸೆಗೆ ಬಂದು ಫೋನು ಮಾಡಿದ. ಆ ಹುಡುಗ ಜಿಲ್ಲೆ ಕೇಳಲಿಲ್ಲ, ರಾಜ್ಯ ಕೇಳಲಿಲ್ಲ. ಮೂವತ್ತು ವರ್ಷದ ಅನುಭವವಿರುವ ಡಾಕ್ಟರು ಬರೆದ ಅಗ್ಗದ ಗುಳಿಗೆ ಬಾರದ ಬಾಗಿಲಿಗೆ, ಮೊಬೈಲಿನಲ್ಲಿ ಎರಡು ನಿಮಿಷದ ಮಾತಿನ ಮೇಲೆ ಬರೆದ ದುಬಾರಿ ಎಣ್ಣೆ ಬಂತು. ಬಾಟಲಿಯ ಮೇಲೆ ಎಚ್ಚರಿಕೆಯ ಸಾಲು ಇತ್ತು: ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು ಎಂದು. ಔಷಧ ನಿಯಮಗಳ ಇ(1) ಅನುಸೂಚಿಯ ವಿಷದ ಗಿಡಮೂಲಿಕೆಗಳ ಪಟ್ಟಿಯಲ್ಲಿ ಭಂಗಿ, ಗಾಂಜಾ ಎರಡೂ ಇರುವುದರಿಂದ ಆ ಸಾಲು ಕಡ್ಡಾಯ. ಆದರೆ ಅದು ಇರಬೇಕಾದದ್ದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಅತ್ತೆಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ. ಆಕೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಷ್ಟು ಹನಿ ಹಾಕಬೇಕೆಂದು ನನ್ನನ್ನು ಕೇಳಿದಳು.

ಇದರ ಕಾನೂನನ್ನು ತಿಳಿದುಕೊಳ್ಳದೆ ಪರ ವಿರೋಧ ಮಾತಾಡುವುದರಿಂದ ಪ್ರಯೋಜನವಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ಹಿಡಿಯುವುದು ಗಿಡದ ಅಂಟನ್ನು, ಅಂದರೆ ಚರಸ್ಸನ್ನು. ಮತ್ತು ಹೂವು ಕಾಯಿ ಬಿಟ್ಟ ತುದಿಯನ್ನು, ಅಂದರೆ ಗಾಂಜಾವನ್ನು. ತುದಿಯ ಜೊತೆ ಸೇರಿರದ ಎಲೆ ಮತ್ತು ಬೀಜ ಆ ಕಾಯ್ದೆಯ ಗಾಂಜಾದ ವ್ಯಾಖ್ಯೆಯ ಹೊರಗೆ. 2022ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಒಂದು ಜಾಮೀನು ಅರ್ಜಿಯಲ್ಲಿ, ಭಂಗಿ ಆ ಕಾಯ್ದೆಯಡಿ ನಿಷೇಧಿತ ಎಂದು ಎಲ್ಲಿಯೂ ಇಲ್ಲ ಎಂದದ್ದು ಇದರ ಮೇಲೆಯೇ. ಎಲೆಯ ವಿಚಾರ ರಾಜ್ಯಗಳಿಗೆ ಬಿಟ್ಟದ್ದು. ಮಹಾರಾಷ್ಟ್ರದಲ್ಲಿ 1949ರ ಮದ್ಯಪಾನ ನಿಷೇಧ ಕಾಯ್ದೆ ಇದೆ, ಕರ್ನಾಟಕಕ್ಕೆ 1965ರ ಅಬಕಾರಿ ಕಾಯ್ದೆ ಇದೆ. ಹೀಗಾಗಿ ಒಂದೇ ಗಿಡದ ಎಲೆಗೆ ನಮ್ಮ ಹೊಲದ ಬದುವಿನ ಆಚೆ ಒಂದು ಕಾನೂನು, ಈಚೆ ಇನ್ನೊಂದು. ಅದೇ ಎಲೆಯನ್ನು ಆಯುರ್ವೇದದ ಉತ್ಪಾದನಾ ಪರವಾನಗಿ ಪಡೆದು ಎಣ್ಣೆ ಮಾಡಿದರೆ, ಆಯುರ್ವೇದ ಔಷಧ ಮಾರುವ ಅಂಗಡಿಗೆ ಬೇರೆ ಪರವಾನಗಿಯೇ ಬೇಕಿಲ್ಲವಾದ್ದರಿಂದ, ಅದು ದೇಶದ ಯಾವ ಮನೆಗೂ ಹೋಗಿ ಬೀಳುತ್ತದೆ.

ಈ ಗಿಡದಲ್ಲಿ ಔಷಧ ಇಲ್ಲ ಎಂದು ನಾವು ಹೇಳುತ್ತಿಲ್ಲ. ಇದೆ. ಮಕ್ಕಳಿಗೆ ಬರುವ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ, ಡ್ರಾವೆಟ್ ಮತ್ತು ಲೆನಾಕ್ಸ್-ಗ್ಯಾಸ್ಟೌಟ್ ಎನ್ನುವವಕ್ಕೆ, ಈ ಗಿಡದ ಕ್ಯಾನಬಿಡಿಯಾಲ್ ಎಂಬ ಅಂಶವನ್ನು ಶುದ್ಧಮಾಡಿ ತಯಾರಿಸಿದ ಔಷಧಕ್ಕೆ ಅಮೆರಿಕದ ನಿಯಂತ್ರಕರು 2018ರಲ್ಲಿ ಒಪ್ಪಿಗೆ ಕೊಟ್ಟರು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ, 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಗಾಂಜಾವನ್ನು ತೆಗೆಯಿತು. 27 ದೇಶ ಪರ, 25 ದೇಶ ವಿರೋಧ. ಭಾರತ ಪರವಾಗಿ ಮತ ಹಾಕಿತು. ಕೆನಡಾದಲ್ಲಿ ಡಾಕ್ಟರ ದಾಖಲೆ ಇದ್ದ ರೋಗಿಗೆ ಪರವಾನಗಿ ಪಡೆದ ಬೆಳೆಗಾರರು ನೇರವಾಗಿ ಅಂಚೆಯಲ್ಲಿ ಕಳಿಸುವ ಪದ್ಧತಿ ವರ್ಷಗಳಿಂದ ಇದೆ; ಯಾರಿಗೆ, ದಿನಕ್ಕೆ ಎಷ್ಟು, ಎಷ್ಟು ದಿನಕ್ಕೆ ಎಂಬುದು ಆ ದಾಖಲೆಯಲ್ಲಿರಬೇಕು. ಅಳತೆ ಮಾಡಿದ ಅಂಶ, ಗೊತ್ತಿರುವ ಕಾಯಿಲೆ, ಹೆಸರಿರುವ ಡಾಕ್ಟರು, ಲೆಕ್ಕ ಇಡುವ ಅಂಗಡಿ. ಈ ನಾಲ್ಕು ಇದ್ದರೆ ಅದು ಔಷಧ. ನಮ್ಮ ಮನೆಗೆ ಬಂದ ಬಾಟಲಿಯಲ್ಲಿ ನಶೆ ಏರಿಸುವ ಅಂಶ ಎಷ್ಟು, ಕ್ಯಾನಬಿಡಿಯಾಲ್ ಎಷ್ಟು ಎಂದು ನನಗೆ ಓದಲು ಸಿಗಲಿಲ್ಲ. ದವಡೆಯ ಎಲುಬು ತಿಂದ ಕ್ಯಾನ್ಸರಿನ ನೋವಿಗೆ ಮಾರ್ಫಿನಿನ ಬದಲು ಅದನ್ನು ನಂಬಿ ಕೂರುವುದು ಕ್ರೌರ್ಯವೇ ಸರಿ. ಹುಡುಗನ ಮನಸ್ಸು ಒಳ್ಳೆಯದಿತ್ತು, ಅವನ ಮೇಲೆ ನನಗೆ ಸಿಟ್ಟಿಲ್ಲ.

ಮಾರ್ಫಿನಿನ ಮೇಲೆ ಈ ಪರಿ ಹೆದರಿಕೆ ಎಲ್ಲಿಂದ ಬಂತು? 1985ರ ಕಾಯ್ದೆಯಿಂದಲೇ. ಕಳ್ಳಸಾಗಣೆ ತಡೆಯಲೆಂದು ತಂದ ಕಾಯ್ದೆಯಲ್ಲಿ ಶಿಕ್ಷೆ ಎಷ್ಟು ಕಠಿಣವಾಗಿತ್ತೆಂದರೆ, ಮತ್ತು ಆಸ್ಪತ್ರೆಯೊಂದು ಮಾರ್ಫಿನ್ ತರಿಸಲು ಬೇಕಾದ ಪರವಾನಗಿಗಳು ರಾಜ್ಯದಿಂದ ರಾಜ್ಯಕ್ಕೆ ಎಷ್ಟು ತೊಡಕಾಗಿದ್ದವೆಂದರೆ, ಡಾಕ್ಟರರೂ ಅಂಗಡಿಯವರೂ ಅದನ್ನು ಮುಟ್ಟುವುದನ್ನೇ ಬಿಟ್ಟರು. 1985ರಲ್ಲಿ ದೇಶದಲ್ಲಿ 573 ಕಿಲೋ ಮಾರ್ಫಿನ್ ಔಷಧಕ್ಕಾಗಿ ಬಳಕೆಯಾಗಿತ್ತು. 1997ಕ್ಕೆ ಅದು 18 ಕಿಲೋಗೆ ಇಳಿಯಿತು. ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಸರ್ಕಾರದ ಅನುಮತಿಯಿಂದಲೇ ಬೆಳೆಸಿ, ಗಾಜೀಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ, ಹೊರದೇಶಕ್ಕೂ ಕಳಿಸುವ ನಾಡು ನಮ್ಮದು. ಆ ಬೆಳೆಯ ಹಾಲು ನಮ್ಮ ಊರಿನ ರೋಗಿಯ ಬಾಯಿಗೆ ಬರಲಿಲ್ಲ.

ಇದನ್ನು ಬದಲಿಸಲು ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ದಶಕಗಟ್ಟಲೆ ದುಡಿದರು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ನೋವು ಉಪಶಮನದ ಕೆಲಸ ಮುಂದೆ ಮನೆಮನೆಗೆ ಹೋಗುವ ನರ್ಸುಗಳ, ಊರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಅತ್ಯಗತ್ಯ ಮಾದಕ ಔಷಧ ಎಂಬ ಹೊಸ ವರ್ಗವನ್ನೇ ಮಾಡಿತು. 2015ರ ಮೇ ತಿಂಗಳಲ್ಲಿ ನಿಯಮ ಬಂತು: ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಎಂಬ ಆರು ಔಷಧ, ರಾಜ್ಯದ ಔಷಧ ನಿಯಂತ್ರಕರು ಒಮ್ಮೆ ಮಾನ್ಯತೆ ಕೊಟ್ಟರೆ ಆ ಆಸ್ಪತ್ರೆ ಇವನ್ನು ಇಟ್ಟುಕೊಳ್ಳಬಹುದು, ತರಬೇತಿಯಾದ ಡಾಕ್ಟರು ಇರಬೇಕು, ಬೀಗ ಇರಬೇಕು, ಲೆಕ್ಕ ಇರಬೇಕು. ಹಿಂದಿನ ಪರವಾನಗಿಗಳ ಗೋಜಲು ಹೋಯಿತು. ಕಾಯ್ದೆ ತಿದ್ದಿ ಹನ್ನೊಂದು ವರ್ಷಕ್ಕೂ ಹೆಚ್ಚಾಗಿದೆ. ಆದರೆ ಕಾಯ್ದೆ ಬದಲಾದದ್ದು ನಮ್ಮ ಪೇಟೆಯ ಮೆಡಿಕಲ್‌ನಲ್ಲಿ ಕೈ ಮುಗಿದವರಿಗೆ ತಿಳಿದಿಲ್ಲ. ಮನೆಗೆ ತಲುಪಿಸುವ ನಿಯಮ ಬರೆದವರೂ 2020ರಲ್ಲಿ ಹಳೆಯ ಹೆದರಿಕೆಯಿಂದಲೇ ಬರೆದರು.

ದುರುಪಯೋಗ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಉಮರ್ಗಾದ ನಡುವೆಯೇ ಹಾಯುತ್ತದೆ. ಆ ದಾರಿಯಲ್ಲಿ ಗಾಂಜಾ ಹಿಡಿದ ಸುದ್ದಿಯನ್ನು ಈ ಭಾಗದ ಪತ್ರಿಕೆಗಳು ಆಗಾಗ ಅಚ್ಚು ಹಾಕುತ್ತವೆ. ನಿದ್ದೆಯ ಗುಳಿಗೆ, ಕೆಮ್ಮಿನ ಔಷಧ ನಶೆಗೆ ಹೋಗುವುದನ್ನು ನಾವೆಲ್ಲ ಬಲ್ಲೆವು. ಮೆಡಿಕಲ್‌ನವರ ಅಖಿಲ ಭಾರತ ಸಂಘಟನೆ ಈ 2020ರ ಅಧಿಸೂಚನೆಯನ್ನೇ ಹಿಂತೆಗೆದುಕೊಳ್ಳಿ, ಇದರ ಮರೆಯಲ್ಲಿ ಆನ್‌ಲೈನ್ ಕಂಪನಿಗಳು ಕಾಯ್ದೆ ಮೀರುತ್ತಿವೆ ಎನ್ನುತ್ತಿದೆ. ಅದರಲ್ಲಿ ವ್ಯಾಪಾರದ ಚಿಂತೆಯ ಜೊತೆ ಸತ್ಯವೂ ಇದೆ. ಆದರೆ ಲೆಕ್ಕ ಹಾಕಿ. ನಾಲ್ಕು ತಾಸಿಗೊಂದು 10 ಮಿಲಿಗ್ರಾಂ ಗುಳಿಗೆ ನುಂಗುವ ರೋಗಿಗೆ ತಿಂಗಳಿಗೆ 180 ಗುಳಿಗೆ ಬೇಕು. ಅಷ್ಟರಲ್ಲಿಯೂ ಇರುವ ಮಾರ್ಫಿನ್ 2 ಗ್ರಾಂ ತುಂಬುವುದಿಲ್ಲ. ಡಾಕ್ಟರ ಹೆಸರಿದೆ, ರೋಗಿಯ ಹೆಸರಿದೆ, ಆಸ್ಪತ್ರೆಯ ದಾಖಲೆ ಇದೆ, ಗುಳಿಗೆ ಎಣಿಸಿ ಕೊಟ್ಟದ್ದಕ್ಕೆ ಸಹಿ ಇದೆ. ಹೆದ್ದಾರಿಯ ಲಾರಿಯಲ್ಲಿ ಹೋಗುವ ಮಾಲಿಗೂ ಅತ್ತೆಯ ಅಡಕೆ ಡಬ್ಬಿಗೂ ಸಂಬಂಧ ಹಚ್ಚಬೇಡಿ.

ಹಾಗಾದರೆ ನಿಯಮ ಹೇಗಿರಬೇಕು? ಕೊರಿಯರಿನ ಹುಡುಗ ಮಾರ್ಫಿನ್ ತರಲಿ ಎಂದು ನಾವು ಕೇಳುವುದಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆಯ ನರ್ಸು, ಅಥವಾ ಆ ಆಸ್ಪತ್ರೆ ಹೆಸರಿಸಿ ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆ, ಎಣಿಸಿದ ಗುಳಿಗೆಯನ್ನು ಮೊಹರು ಹಾಕಿದ ಲಕೋಟೆಯಲ್ಲಿ ರೋಗಿಯ ಮನೆಗೆ ಒಯ್ದು, ಹಳೆಯ ಖಾಲಿ ಪಟ್ಟಿಗಳನ್ನು ಎಣಿಸಿಕೊಂಡು, ಹೊಸದನ್ನು ಕೊಟ್ಟು ಬರಲಿ. ಹೋದಾಗ ರೋಗಿಯನ್ನು ನೋಡುತ್ತಾಳೆ, ಮಲಬದ್ಧತೆಗೆ ಕೊಡುವ ಔಷಧ ಜೊತೆಗೇ ನಡೆದಿದೆಯೇ ಕೇಳುತ್ತಾಳೆ, ಹುಣ್ಣು ತೊಳೆಯುತ್ತಾಳೆ. ಒಮ್ಮೆ ಡಾಕ್ಟರು ಎದುರಿಗೆ ನೋಡಿ ಶುರುಮಾಡಿದ ಮೇಲೆ, ಆಕೆಯ ಫೋನಿನಲ್ಲಿ ವಿಡಿಯೋ ನೋಡಿ ಅದೇ ಡಾಕ್ಟರು ಮುಂದಿನ ಹದಿನೈದು ದಿನದ ಚೀಟಿ ಬರೆಯಲು 2020ರ ಮಾರ್ಗಸೂಚಿಯ ಆ ಪಟ್ಟಿಯಲ್ಲಿ ಜಾಗ ಮಾಡಿಕೊಡಬೇಕು. ‘ಅದೇ ಕಂದಾಯ ಜಿಲ್ಲೆ’ ಎಂಬ ಮಾತಿನ ಜೊತೆಗೆ ‘ಅದಕ್ಕೆ ತಾಗಿದ ಜಿಲ್ಲೆ, ಅದು ಬೇರೆ ರಾಜ್ಯದ್ದಾದರೂ ಸರಿ’ ಎಂಬ ಮಾತು ಸೇರಬೇಕು. ಲಾತೂರ ಮತ್ತು ಬೀದರ, ಧಾರಾಶಿವ ಮತ್ತು ಕಲಬುರಗಿ ಒಂದಕ್ಕೊಂದು ತಾಗಿದ ಜಿಲ್ಲೆಗಳು. ಎರಡೂ ರಾಜ್ಯದ ಔಷಧ ನಿಯಂತ್ರಕರು ಒಂದು ದಿನ ಕೂತು, ಆಚೆ ನೋಂದಾಯಿಸಿದ ರೋಗಿಯ ದಾಖಲೆಯನ್ನು ಈಚೆ ಒಪ್ಪುವ ಒಂದು ಹಾಳೆಯನ್ನು ಬರೆದರೆ ಸಾಕು, ಇದಕ್ಕೆ ಸುಪ್ರೀಂ ಕೋರ್ಟಿಗೆ ಹೋಗಬೇಕಿಲ್ಲ.

ಉಮರ್ಗಾ, ನಿಲಂಗಾ, ಉದಗೀರ ಮೂರೂ ಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ತಪ್ಪದೆ ಇರಬೇಕು, ಬರೆಯಬಲ್ಲ ಒಬ್ಬ ಡಾಕ್ಟರಾದರೂ ಇರಬೇಕು. ಕ್ಯಾನ್ಸರಿನವರು ಎಲ್ಲಿದ್ದಾರೆ ಎಂದು ಹುಡುಕುವ ಕಷ್ಟವೂ ಇಲ್ಲ. 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದು ನಮಗೆ ದೂರವಲ್ಲದ ಬಾರ್ಶಿಯಲ್ಲಿ. ಹಳ್ಳಿಗಳಿಗೆ ಹೋಗಿ, ಮನೆಗಳ ಬಾಗಿಲು ತಟ್ಟಿ ರೋಗಿಗಳನ್ನು ಪಟ್ಟಿ ಮಾಡುವ ಕೆಲಸ ಅಲ್ಲಿ ಆಗಿದೆ. ಪಟ್ಟಿ ಮಾಡಲು ಹೋಗಬಲ್ಲ ಕಾಲುಗಳು ಗುಳಿಗೆ ಕೊಡಲೂ ಹೋಗಬಲ್ಲವು.

ಗಾಂಜಾ ಎಲೆಯ ಔಷಧಗಳಿಗೂ ಇದೇ ಶಿಸ್ತು ಬರಲಿ, ಸಡಿಲವೂ ಬೇಡ, ಹೆದರಿಕೆಯೂ ಬೇಡ. ಅಂಶ ಎಷ್ಟೆಂದು ಅಳೆದು ಬರೆಯದ ಬಾಟಲಿ ಕೊರಿಯರಿಗೆ ಹತ್ತಬಾರದು. ಎಚ್ಚರಿಕೆಯ ಸಾಲು ರೋಗಿಯ ಮನೆಯವರು ಓದುವ ಭಾಷೆಯಲ್ಲಿರಬೇಕು. ಇಲ್ಲಿ ಅದು ಕನ್ನಡ ಮತ್ತು ಮರಾಠಿ. ಬರೆದ ವೈದ್ಯರ ನೋಂದಣಿ ಸಂಖ್ಯೆ, ಮತ್ತೆ ಕೇಳಬೇಕಾದರೆ ಅವರನ್ನು ಹಿಡಿಯುವ ಫೋನು, ಬಾಟಲಿಯ ಜೊತೆ ಬರಬೇಕು. ಅಪಸ್ಮಾರದ ಮಗುವಿನ ತಾಯಿಗೆ ಇದರಿಂದ ತೊಂದರೆಯಿಲ್ಲ, ಅನುಕೂಲವೇ ಇದೆ.

ಇನ್ನೊಂದು ಮಾತನ್ನು ನಿಯಮ ಬರೆಯುವವರು ಮರೆಯುತ್ತಾರೆ, ಸಾವಿನ ಮನೆಯಲ್ಲಿ ಕೂತವರು ಮರೆಯುವುದಿಲ್ಲ. ಮನೆಗೆ ಬಂದ ಔಷಧ ಮಿಕ್ಕರೆ ಏನು ಮಾಡಬೇಕು? ಮಾವ ತೀರಿದ್ದು ನೋವಿಲ್ಲದ ಒಂದು ಬೆಳಗಿನ ಜಾವ, ಮಗ ತಂದ ಹೊಸ ಗುಳಿಗೆಗಳು ಮುಗಿಯುವ ಮೊದಲು. ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಅತ್ತೆ ಡಬ್ಬಿ ತಂದು ನನ್ನ ಮುಂದೆ ತೆರೆದಳು. ಇಪ್ಪತ್ತಮೂರು ಇದ್ದವು. ಮನೆಯಲ್ಲಿ ಮೊಮ್ಮಕ್ಕಳಿವೆ, ಎಲ್ಲಿ ಇಡಲಿ ಎಂದಳು. ಬಾವಿಗೆ ಹಾಕಿದರೆ ನೀರು ಕೆಡುತ್ತದಾ ಎಂದಳು. ಪೊಲೀಸರು ಕೇಳಿದರೆ ಏನು ಹೇಳಲಿ ಎಂದೂ ಕೇಳಿದಳು. ಅವನ್ನು ಯಾರು ಬಂದು ಎಣಿಸಿಕೊಂಡು ಒಯ್ಯಬೇಕು ಎಂದು ನಾನು ಎರಡು ಕಡೆ ಫೋನು ಮಾಡಿ ಕೇಳಿದೆ. ಅಂಚೆಯಲ್ಲಿ ಕಳಿಸಬೇಡಿ, ತಂದು ಕೊಡಿ ಎಂದು ದೂರದ ಆಸ್ಪತ್ರೆಯವರು ಹೇಳಿದರು. ಮುಂದಿನ ವಾರ ಮಾವನ ಮಗ ಎಸ್.ಟಿ. ಬಸ್ಸಿನಲ್ಲಿ ಮತ್ತೆ ಆ ದಾರಿ ಹಿಡಿದ. ಅಂಗಿಯ ಒಳಜೇಬಿನಲ್ಲಿ ಇಪ್ಪತ್ತಮೂರು ಗುಳಿಗೆ, ಡಾಕ್ಟರ ಚೀಟಿ ಮತ್ತು ಗ್ರಾಮ ಪಂಚಾಯತಿಯವರು ಬರೆದು ಕೊಟ್ಟ ಮರಣದ ದಾಖಲೆ.